ಮಾದರಿ ಮನೆಯ ಬಾಗಿಲಲ್ಲಿ ನನ್ನ ಚಪ್ಪಲಿ

ಗೆಳೆಯರೇ, ಕುಂದಾಣದ ಹತ್ತಿರ ಹೊಸ ಲೇಔಟಿನಲ್ಲಿ ಇವತ್ತು ಮಾದರಿ ಮನೆಯೊಂದನ್ನು ಜನ ನೋಡಲೆಂದು ತೆರೆದಿಟ್ಟಿದ್ದರು. ಅದನ್ನು ಅಲಂಕರಿಸಿದ ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಒಬ್ಬಳೇ ನಿಂತಿದ್ದಳು.

"ಇದು ನನ್ನ ಮೊದಲನೇ ಮನೆ ಅಂಕಲ್. ಎಲ್ರೂ ಗೇಟಿಂದ್ಲೇ ನೋಡಿ ಹೋಗ್ತಿದಾರೆ. ಸಂಜೆ ನಮ್ಮ ಸಾರ್ ಬಂದು ಕೇಳಿದ್ರೆ ಏನ್ ಹೇಳ್ಲಿ?"

"ನನ್ನ ಕಾಲ್ಗುಣ ನಿಂಗೆ ಗೊತ್ತಿಲ್ಲ ಕಣಮ್ಮ, ನೋಡ್ತಿರು" ಎಂದು ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಳಗೆ ಹೋಗಿ ಸೋಫಾದ ಮೇಲೆ ಕೂತೆ.

ಚಪ್ಪಲಿ ಕಂಡವರಿಗೆ ಧೈರ್ಯ ಬಂತು. "ಒಳಗೆ ಯಾರೋ ಹೋಗವ್ರೆ, ಬಾರೇ" ಎನ್ನುತ್ತಾ ಒಂದು ಸಂಸಾರ ಬಂತು. ಅವರ ಚಪ್ಪಲಿ ನೋಡಿ ಇನ್ನೊಂದು. ಮಧ್ಯಾಹ್ನಕ್ಕೆ ಬಾಗಿಲಲ್ಲಿ ಗೃಹಪ್ರವೇಶದಷ್ಟು ಚಪ್ಪಲಿ! ಒಬ್ಬ ಅಜ್ಜಿಯಂತೂ ನನ್ನನ್ನೇ ಯಜಮಾನ ಅಂದುಕೊಂಡು, "ಊಟ ಯಾವ ಕಡೆ ಸ್ವಾಮಿ?" ಎಂದು ಕೇಳಿದರು.

ನಾನು ಹೊರಡುವಾಗ ಉಳಿದಿದ್ದು ನನ್ನ ಜೋಡಿ ಮಾತ್ರ. ಅದಕ್ಕೆ ಕಾಲು ಹಾಕಿದ್ದೇ ತಡ, ಹುಡುಗಿಯ ಮುಖ ಮತ್ತೆ ಬಾಡಿತು. "ಸಾರ್ ಇನ್ನೂ ಬಂದಿಲ್ಲ ಅಂಕಲ್..."

ಬರಿಗಾಲಲ್ಲೇ ಮನೆಗೆ ಬಂದೆ.

"ಚಪ್ಪಲಿ ಎಲ್ರೀ?" ಎಂದಳು ಹೆಂಡತಿ.

"ಮಾದರಿ ಮನೇಲಿ ಕೆಲಸಕ್ಕೆ ಸೇರಿಸ್ಬಿಟ್ಟು ಬಂದೆ ಕಣೇ."

"ಸದ್ಯ, ಅವಾದ್ರೂ ಕೆಲಸಕ್ಕೆ ಹೋದ್ವಲ್ಲ!"