ಕತ್ತಿನ ನಾಳಕ್ಕೆ ಹಾಕಿದ ಮೊದಲ ಸೂಜಿ

1976ರ ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಮಳವಳ್ಳಿಯ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದವರು: ಡಾಕ್ಟರಾಗಿ ನಾನು, ವಾರ್ಡಿನ ಸಿಸ್ಟರ್, ಹಲಗೂರಿನ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದ ವಾಂತಿಭೇದಿಯ ಹೆಣ್ಣುಮಗಳು, ಆಕೆಯ ಅತ್ತೆ.

ಹೆಣ್ಣುಮಗಳ ಕಣ್ಣು ಗುಳಿಬಿದ್ದಿತ್ತು. ಚರ್ಮ ಚಿವುಟಿದರೆ ಚಿವುಟಿದಂತೆಯೇ ನಿಲ್ಲುತ್ತಿತ್ತು. ಹಿಂದಿನ ದಿನದಿಂದ ಮೂತ್ರವಿಲ್ಲ. ತಕ್ಷಣ ಸಲೈನ್ ಬಾಟಲಿ ಏರಿಸಬೇಕು. ಆದರೆ ಕೈಕಾಲಿನ ರಕ್ತನಾಳಗಳೆಲ್ಲ ಬತ್ತಿಹೋಗಿದ್ದವು. ಸಿಸ್ಟರ್ ಎರಡೂ ಕೈ ನೋಡಿದರು, ಸಿಗಲಿಲ್ಲ. ಮಂಡ್ಯದ ದೊಡ್ಡಾಸ್ಪತ್ರೆಗೆ ಕಳಿಸೋಣವೆಂದರೆ ನಮ್ಮ ಜೀಪು ಮದ್ದೂರಿಗೆ ಹೋಗಿತ್ತು. ಉಳಿದದ್ದು ಕತ್ತಿನ ನಾಳ.

ಈಗಿನ ವೈದ್ಯರು ಸ್ಕ್ಯಾನಿಂಗ್ ಪರದೆಯಲ್ಲಿ ನಾಳವನ್ನು ನೋಡುತ್ತಲೇ ಸೂಜಿ ಇಳಿಸುತ್ತಾರೆ. ಆಗ ನೋಡಲು ಕಣ್ಣು, ಹುಡುಕಲು ಬೆರಳು, ಅಷ್ಟೆ. ಬೆಂಗಳೂರಿನಲ್ಲಿ ಕಲಿಯುವಾಗ ಹಿರಿಯರ ಪಕ್ಕದಲ್ಲಿ ನಿಂತು ಮಾಡಿದ್ದೆ. ಒಬ್ಬಳೇ ಮಾಡಿರಲಿಲ್ಲ.

ಮಂಚದ ಕಾಲುಗಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು, ರಕ್ತ ಕತ್ತಿನ ಕಡೆಗೆ ಇಳಿಯಲೆಂದು. ಕೈ ತೊಳೆದು, ಕತ್ತಿಗೆ ಅಯೋಡಿನ್ ಹಚ್ಚಿದೆ.

"ಕತ್ತಿಗಾ ಡಾಕ್ಟ್ರಮ್ಮ? ಕೋಳಿ ಕುಯ್ದಂಗೆ?" ಎಂದರು ಅತ್ತೆ.

"ಕುಯ್ಯೋದಿಲ್ಲ ಕಣಮ್ಮ. ದಪ್ಪ ನಾಳ ಇರೋದೇ ಅಲ್ಲಿ."

ನಾಳ ಉಬ್ಬಬೇಕಾದರೆ ರೋಗಿ ಉಸಿರು ಕಟ್ಟಿ ತಿಣುಕಬೇಕು. "ಉಸಿರು ಬಿಗಿಹಿಡಿಯಮ್ಮ" ಎಂದೆ. ಆಕೆ ಕಣ್ಣು ಬಿಗಿಹಿಡಿದಳು. ಮತ್ತೆ ಹೇಳಿದೆ, ಹಲ್ಲು ಕಚ್ಚಿದಳು. ಕತ್ತಿನಲ್ಲಿ ಏನೂ ಏಳಲಿಲ್ಲ. ನಾನೂ ಅಡುಗೆಮನೆಯ ಹೊಗೆಯಲ್ಲಿ ಬೆಳೆದವಳು. ಒಲೆ ಊದುವಾಗ ನಮ್ಮಮ್ಮನ ಕತ್ತಿನ ನರ ಹಗ್ಗದಂತೆ ಏಳುತ್ತಿದ್ದುದು ನೆನಪಾಯಿತು. ಸಿಸ್ಟರಿಗೆ ಹೇಳಿ ಹೆಣ್ಣುಮಗಳ ಮುಷ್ಟಿಯನ್ನು ಅವಳ ಬಾಯಿಗೇ ಹಿಡಿಸಿದೆ.

"ಒಲೇಲಿ ಹಸಿ ಸೌದೆ ಇದೆ ಅಂದ್ಕೊ. ಇದೇ ಊದುಗೊಳವೆ. ಊದು."

"ಊದಮ್ಮಿ!" ಅತ್ತೆ ಗದರಿದರು. "ದಿನಾ ಊದಲ್ವಾ? ಇವತ್ತೇನು ಮೈಗಳ್ಳತನ?"

ಊದಿದಳು. ಕಿವಿಯ ಕೆಳಗಿನಿಂದ ಕೊರಳೆಲುಬಿನವರೆಗೆ ನಾಳ ನೀಲಿಯಾಗಿ ಎದ್ದಿತು. ಸೂಜಿ ಇಳಿಸಿದೆ. ಕಪ್ಪುಗೆಂಪು ರಕ್ತ ಬಂತು. ಸೂಜಿಯೊಳಗಿಂದ ಸಣ್ಣ ಪ್ಲಾಸ್ಟಿಕ್ ನಳಿಗೆಯನ್ನು ಎದೆಯ ಕಡೆಗೆ ತೂರಿಸಿದೆ. ಎಲ್ಲೂ ತಡೆಯದೆ ಹೋಯಿತು. ಸೂಜಿ ಹೊರತೆಗೆದು, ಹೊಲಿಗೆ ಹಾಕಿ ನಳಿಗೆಯನ್ನು ಭದ್ರಮಾಡಿದೆ. ಬಾಟಲಿಯ ಹನಿ ಧಾರೆಯಾಗಿ ಓಡಿತು. ಒಬ್ಬಳೇ ಹಾಕಿದ ಮೊದಲ ಸೂಜಿ ಮೊದಲ ಸಲಕ್ಕೇ ಕೂತಿತ್ತು. ಇವತ್ತಿಗೂ ಅದು ನನಗೆ ಹೆಮ್ಮೆ.

ಮೂರನೆಯ ಬಾಟಲಿಗೆ ಆಕೆಯ ನಾಲಿಗೆ ತಿರುಗಿತು. "ಒಣಸೌದೆ ತಂದಾಕಿದ್ರೆ ನಾನ್ಯಾಕತ್ತೆ ದಿನಾ ಊದ್ಬೇಕಿತ್ತು?"

"ಬದುಕ್ಕಂಡ್ಲು ಬುಡಿ ಡಾಕ್ಟ್ರಮ್ಮ" ಎಂದು ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಮೂತ್ರವಾಗುವವರೆಗೆ ನಾನು ಹಾಗೆ ಹೇಳುವಂತಿರಲಿಲ್ಲ. ಮಧ್ಯಾಹ್ನ ಹೊರರೋಗಿಗಳನ್ನು ನೋಡುತ್ತಿದ್ದರೂ ಕಿವಿ ವಾರ್ಡಿನ ಕಡೆಗೇ ಇತ್ತು. ಸಂಜೆ ಸಿಸ್ಟರ್ ಬೆಡ್‌ಪ್ಯಾನ್ ಹಿಡಿದು, ಪ್ರಸಾದ ತರುವವರ ಹಾಗೆ ನಗುತ್ತಾ ಬಂದರು. ಅಳೆದೆವು. ಮೂತ್ರಪಿಂಡ ಕೆಲಸ ಶುರುಮಾಡಿತ್ತು.

ಅಂಥ ಸೂಜಿ ನಮ್ಮಲ್ಲಿದ್ದದ್ದು ಒಂದೇ. ಅದನ್ನು ನಾನೇ ತೊಳೆದು, ಒಳಗೆ ತಂತಿ ಆಡಿಸಿ, ಕುದಿಯುವ ನೀರಿನಲ್ಲಿ ಹಾಕಿ, ಬೆಂದ ಮೇಲೆ ಮುಂದಿನ ರೋಗಿಗೆಂದು ತಟ್ಟೆಗೆ ತೆಗೆದು ಬಟ್ಟೆ ಮುಚ್ಚಿಟ್ಟೆ.