ಪ್ರಶ್ನೆಗೆ ಮುಂಚೆ ಬಂದ ಉತ್ತರಗಳು

ನಾನು ಬೆಳೆದದ್ದು ಮಠದ ಉಚಿತ ಪ್ರಸಾದ ನಿಲಯದಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಸ್ನಾನ, ವಿಭೂತಿ, ಪ್ರಾರ್ಥನೆ, ಊಟ. ಆ ರೂಢಿ ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಹಾಗಾಗಿ ಸೊಸೆ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸಭೆಯಲ್ಲಿ ತನ್ನ ಮಗಳ ಪರವಾಗಿ ಮಾತಾಡಬೇಕೆಂದು ಹೊರಟಾಗ ತಯಾರಿ ಮಾಡಿಸುವ ಹೊಣೆ ನಾನೇ ಹೊತ್ತುಕೊಂಡೆ.

ವಿಷಯ ಇಷ್ಟು. ನನ್ನ ಮೊಮ್ಮಗಳಿಗೆ ಬುದ್ಧಿಯ ಬೆಳವಣಿಗೆ ನಿಧಾನ. ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಆದರೆ ಕೂತಲ್ಲಿ ಕೂರುವವಳಲ್ಲ. ಮೇಷ್ಟ್ರು ಬೋರ್ಡಿನತ್ತ ತಿರುಗಿದರೆ ಸಾಕು, ಎದ್ದು ಹೊರಗೆ. ಶಾಲೆಯ ಮುಂದೆಯೇ ಶಿವಮೊಗ್ಗದ ರಸ್ತೆ, ಬಸ್ಸುಗಳ ಓಟ. ಒಮ್ಮೆ ರಸ್ತೆಯ ಅಂಚಿನವರೆಗೂ ಹೋಗಿಬಿಟ್ಟಿದ್ದಳು. ಅಂದಿನಿಂದ ಹೆಡ್ ಮೇಷ್ಟ್ರು ಅವಳನ್ನು ಬೆಳಗಿನ ಬಿಡುವಿಗೇ ಮನೆಗೆ ಕಳಿಸತೊಡಗಿದರು. ಈಗ ಅದೂ ಬೇಡ, ಮನೆಯಲ್ಲೇ ಇರಲಿ, ಆಗಾಗ ವಿಶೇಷ ಶಿಕ್ಷಕರು ಬಂದು ಹೇಳಿಕೊಡುತ್ತಾರೆ ಎಂದಿದ್ದರು. ಸೊಸೆಗೆ ಬೇಕಾದದ್ದು ಒಂದೇ: ಮಗಳು ಎಲ್ಲರ ಜೊತೆ ಬಿಸಿಯೂಟ ಮಾಡಿ, ಎಲ್ಲರ ಜೊತೆ ಸಂಜೆ ಮನೆಗೆ ಬರಬೇಕು.

ದಿನಾ ಬೆಳಿಗ್ಗೆ ರೊಟ್ಟಿ ತಟ್ಟುವ ಹೊತ್ತಿಗೆ ನಮ್ಮ ತಾಲೀಮು. ನಾನು ಹೆಡ್ ಮೇಷ್ಟ್ರು. ಅಡುಗೆಮನೆಯ ಬಾಗಿಲಲ್ಲಿ ಎದೆ ಸೆಟೆಸಿ ನಿಂತು ಪ್ರಶ್ನೆ ಹಾಕುವೆ. ಅವಳು ಹಂಚಿನ ಮುಂದಿಂದಲೇ ಉತ್ತರಿಸಬೇಕು. ಮೊದಲು ಮಗುವಿನ ವಯಸ್ಸು, ಆಮೇಲೆ ಡಾಕ್ಟರು ಹೇಳಿದ್ದು, ಆಮೇಲೆ ಇಂಥ ಮಕ್ಕಳೂ ಎಲ್ಲರ ಜೊತೆ ಶಾಲೆಯಲ್ಲೇ ಕಲಿಯಬೇಕೆನ್ನುವ ಕಾನೂನು, ಕೊನೆಗೆ ಬೇಡಿಕೆ. ಕ್ರಮ ತಪ್ಪಿದರೆ ಮತ್ತೆ ಮೊದಲಿಂದ. ನಾನು ಪಾತ್ರಕ್ಕೆ ಎಷ್ಟು ಜೀವ ತುಂಬಿದೆನೆಂದರೆ ಒಂದು ದಿನ ಅವಳು ಹಿಟ್ಟಿನ ಕೈ ಮುಗಿದು, "ಮಾವಾ, ಆ ಹೆಡ್ ಮೇಷ್ಟ್ರು ನಿಮ್ಮಷ್ಟು ಕೆಟ್ಟೋರಲ್ಲ ಬಿಡ್ರಿ" ಎಂದಳು.

ಸಭೆಯ ದಿನ ಬಂತು. ನಾನೂ ಜೊತೆಗೆ ಹೋದೆ. ಸಮಿತಿಯ ಅಧ್ಯಕ್ಷರು ಅಡಿಕೆ ವ್ಯಾಪಾರಸ್ಥರು, ಸಮಾಧಾನದ ಮನುಷ್ಯ. ಅವರು ನಯವಾಗಿ, "ಚಾ ಕುಡದ್ಯೇನಮ್ಮಾ?" ಎಂದು ಕೇಳಿದರು.

ನಮ್ಮ ತಾಲೀಮಿನಲ್ಲಿ ಈ ಪ್ರಶ್ನೆ ಇರಲಿಲ್ಲ. ಸೊಸೆ ಸಟಕ್ಕನೆ ಎದ್ದು ನಿಂತು, "ಎಂಟು ವರ್ಷ ತುಂಬೈತ್ರಿ" ಎಂದಳು.

ಅಧ್ಯಕ್ಷರು ತಮ್ಮ ಲೋಟವನ್ನೊಮ್ಮೆ ನೋಡಿಕೊಂಡರು. ಹೆಡ್ ಮೇಷ್ಟ್ರು ಸಹಾಯಕ್ಕೆ ಬಂದು, ಲಾರಿ ಓಡಿಸುವ ನನ್ನ ಮಗ ಊರಿಗೆ ಬಂದಿದ್ದಾನೋ ಎಂದು ವಿಚಾರಿಸಿದರು. ಸೊಸೆ ಕಲಿತಿದ್ದ ಎರಡನೇ ಉತ್ತರ ಒಪ್ಪಿಸಿದಳು: "ಮಾತು ನಿಧಾನಕ್ಕೆ ಬರ್ತೈತಂತ ಡಾಕ್ಟ್ರು ಹೇಳ್ಯಾರ್ರಿ." ಕೂತು ಮಾತಾಡಮ್ಮಾ ಎಂದು ಯಾರೋ ಅಂದರು. "ಅದು ಕಾನೂನಿನಾಗೇ ಐತ್ರಿ" ಎಂದಳು.

ಮೊದಲು ನಕ್ಕವರು ಹಿಂದಿನ ಸಾಲಿನ ತಾಯಂದಿರು. ಆಮೇಲೆ ಇಡೀ ಕೋಣೆ. ನಾನು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡೆ. ಸೊಸೆಯೂ ನಕ್ಕು ನಕ್ಕು ಬೆಂಚಿನ ಮೇಲೆ ಕುಸಿದಳು. ನಾನು ಕಟ್ಟಿದ ಕ್ರಮವೆಲ್ಲ ಅಲ್ಲಿಗೆ ಮುಗಿಯಿತು.

ಹೆಡ್ ಮೇಷ್ಟ್ರು ಕಣ್ಣೊರೆಸಿಕೊಂಡು, "ನಗು ಇರ್ಲಿ ತಾಯಿ. ಕೂಸು ರಸ್ತೆಗೆ ಹೋದ್ರೆ ಯಾರು ಹೊಣೆ? ನಾನು ಪಾಠ ಮಾಡ್ಲೋ, ಗೇಟು ಕಾಯ್ಲೋ?" ಎಂದರು. ಅವರ ಭಯ ಸುಳ್ಳಲ್ಲ.

"ಕಾಯಾದ್ಯಾಕ್ರಿ ಸಾರ್, ಹಾಕಿದ್ರೆ ಆತು," ಎಂದಳು ಸೊಸೆ. "ಹಗಲೆಲ್ಲ ಗೇಟು ತಗದೇ ಇರಾದು ಯಾಕೆ ಹೇಳ್ರಿ?"

ಕಾರಣ ಎಲ್ಲರಿಗೂ ಗೊತ್ತಿತ್ತು. ಶಿವಮೊಗ್ಗಕ್ಕೋ ಹೊನ್ನಾಳಿಗೋ ಹೋಗುವ ನಮ್ಮೂರವರು ಬೈಕನ್ನು ಶಾಲೆಯ ಹೊಂಗೆಮರದ ನೆರಳಿಗೆ ನಿಲ್ಲಿಸಿ ಬಸ್ಸು ಹತ್ತುತ್ತಾರೆ. ಬರುವವರು ಹೋಗುವವರಿಗೆ ಅಡ್ಡಿಯಾಗದಿರಲೆಂದು ಗೇಟು ಸದಾ ತೆರೆದೇ ಇರುತ್ತದೆ. ಆ ಹೊತ್ತಿಗೂ ಕಿಟಕಿಯಾಚೆ ಸಮಿತಿಯವರ ಬೈಕುಗಳು ನಿಂತಿದ್ದವು. ನನ್ನ ಟಿವಿಎಸ್ಸೂ ಇತ್ತು. ಸಾಲಿಗೆ ನೇರವಾಗಿ ನಿಲ್ಲಿಸಿದ್ದೆ.

ಅಧ್ಯಕ್ಷರು ಎದ್ದು ಜೇಬಿನಿಂದ ಕೀ ತೆಗೆದರು. "ಮೊದ್ಲು ನನ್ನ ಗಾಡಿ ಹೊರಗೆ ಹಾಕ್ತೀನಿ. ಉಳಿದೋರು ನಿಮ್ ನಿಮ್ದು ನೋಡ್ಕಳ್ರಿ."

ಬೈಕುಗಳು ಪಂಚಾಯ್ತಿ ಕಟ್ಟಡದ ಪಕ್ಕಕ್ಕೆ ಹೋಗಬೇಕು, ಗೇಟಿಗೆ ಮಕ್ಕಳ ಕೈಗೆಟುಕದ ಚಿಲಕ ಬೀಳಬೇಕು, ಸೋಮವಾರದಿಂದ ಮೊಮ್ಮಗಳು ಪೂರ್ತಿ ದಿನ ಇರಬೇಕು ಎಂದು ತೀರ್ಮಾನವಾಯಿತು. ವಿಶೇಷ ಶಿಕ್ಷಕರು ಮನೆಗಲ್ಲ, ಶಾಲೆಗೇ ಬರಲಿ ಎಂದು ಸೇರಿಸಿದವರು ಹೆಡ್ ಮೇಷ್ಟ್ರೇ.

ಸೋಮವಾರ ಬಿಡುವಿನ ಹೊತ್ತು ಕಳೆಯಿತು, ಊಟದ ಹೊತ್ತೂ ಕಳೆಯಿತು, ಮೊಮ್ಮಗಳನ್ನು ಯಾರೂ ಮನೆಗೆ ಕಳಿಸಲಿಲ್ಲ. ಸೊಸೆ ನನಗೆ ಎರಡೆರಡು ಸಲ ಅನ್ನ ಬಡಿಸಿದಳು. ನಾನು ಎರಡು ಸಲವೂ ಉಂಡೆ. ಇಬ್ಬರಿಗೂ ಕಾರಣವಿಲ್ಲದೆ ನಗು. ಸಂಜೆ ಮಕ್ಕಳ ಹಿಂಡು ಬೀದಿಗೆ ಬಂತು. ನಡುವೆ ನಮ್ಮವಳು, ಫ್ರಾಕಿನ ತುಂಬ ಸಾರು. ಗೆಳತಿಯರ ಜೊತೆ ಕುಣಿಯುತ್ತ ಬಂದವಳು ನಮ್ಮ ಬಾಗಿಲ ಮುಂದೆ ನಿಲ್ಲಲೇ ಇಲ್ಲ. ದಾಟಿಕೊಂಡು ಮುಂದಿನ ಓಣಿಗೆ ನಡೆದಳು.

"ಏ ಇವಳೇ, ಮನೆ ಇಲ್ಲೈತೆ" ಎನ್ನುತ್ತ ಸೊಸೆ ನಗುನಗುತ್ತಲೇ ಹಿಂದೆ ಓಡಿದಳು.