ಯಾವ ಕಡ್ಲೆ ಕಣ್ರೀ?

“ಮುಟ್ಬೇಡ, ಮುಟ್ಬೇಡ! ಮೊದ್ಲು ಕೈ ತೊಳ್ಕೊಂಡ್ ಬಾ. ಬಸ್ಸಲ್ಲಿ ಯಾರ್ಯಾರು ಏನೇನ್ ತಿಂದಿರ್ತಾರೋ.”

“ಅಕ್ಕ, ನಾನು ಬಸ್ಸಲ್ಲಿ ಬಂದಿಲ್ಲ, ಆಟೋದಲ್ಲಿ ಬಂದೆ.”

“ಆಟೋದವ್ರೇನು ಉಪವಾಸ ಇರ್ತಾರಾ? ಹೋಗು, ಸೋಪ್ ಹಾಕ್ಕೊಂಡ್ ತೊಳ್ಕೊ.”

ನಗುತ್ತಲೇ ಬಚ್ಚಲಿಗೆ ಓಡಿದೆ. ರಾಮಕೃಷ್ಣನಗರದ ಈ ಮನೆಯಲ್ಲಿ ಚಪ್ಪಲಿ ಬಿಡುವುದನ್ನು ಮರೆತರೆ ಬೈಗುಳ ಅಷ್ಟೇ, ಕೈ ತೊಳೆಯುವುದನ್ನು ಮರೆತರೆ ಒಳಗೆ ಪ್ರವೇಶವೇ ಇಲ್ಲ! ವಾಪಸ್ ಬಂದರೆ ಭಾನುಪ್ರಿಯಾ ಅಕ್ಕ ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ಒಣಕೊಬ್ಬರಿಯನ್ನು ಸಣ್ಣಗೆ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಅವರ ಅತ್ತೆ ಪುಟ್ಟಲಿಂಗಮ್ಮ ಅಚ್ಚುಬೆಲ್ಲದ ಚೂರುಗಳನ್ನು ಮೊರದ ಮೇಲೆ ಹರಡುತ್ತಿದ್ದರು. ಮಾರನೆಯ ದಿನ ಸಂಕ್ರಾಂತಿ.

“ಕೂತ್ಕೊಳವ್ವ ಬಿಂದು,” ಅಂದರು ಪುಟ್ಟಲಿಂಗಮ್ಮ. “ಇವ್ಳು ಕೈ ತೊಳ್ಸಿ ತೊಳ್ಸಿ ನನ್ ಅಂಗೈ ಗೆರೆಯೆಲ್ಲ ಅಳ್ಸೋಗವೆ. ಇನ್ ಯಾವ ಜೋಯಿಸ್ರು ನೋಡುದ್ರೂ ಏನೂ ಕಾಣಕ್ಕಿಲ್ಲ.”

“ಒಳ್ಳೇದೇ ಆಯ್ತು ಬುಡಿ ಅತ್ತೆ, ದಕ್ಷಿಣೆ ಉಳೀತು.”

ಭಾನಕ್ಕ ಸಿಟಿ ಬಸ್ ಕಂಡಕ್ಟರ್. ನಾನು ಸರಸ್ವತಿಪುರಂನಿಂದ ಕಾಲೇಜಿಗೆ ಹೋಗುವುದು ಅವರ ಬಸ್ಸಿನಲ್ಲೇ. ಹೆಂಗಸರಿಗೆ ಸೊನ್ನೆ ಟಿಕೆಟ್ ತಾನೇ, ಏನೋ ಒಂದು ಕೊಟ್ಟು ಮುಂದೆ ಹೋಗಬಹುದು. ಆದರೆ ಭಾನಕ್ಕನ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. “ಸರಸ್ವತಿಪುರಂ” ಅಂತ ಹೇಳಿದರೆ ಸಾಲದು. “ಸರಸ್ವತಿಪುರಂ ಅಂದ್ರೆ ಎಲ್ಲಿ? ಫೈರ್ ಬ್ರಿಗೇಡಾ, ಅದ್ಕಿಂತ ಮುಂದಕ್ಕಾ? ಸರ್ಯಾಗ್ ಹೇಳಿ, ಆಮೇಲೆ ಇಳ್ದ್ಬುಟ್ಟು ನನ್ನೇ ಬೈತೀರ.” ಅಜ್ಜಿಯರಾದರೂ ಅಷ್ಟೇ, ಇನ್‌ಸ್ಪೆಕ್ಟರ್ ಸಾಹೇಬರಾದರೂ ಅಷ್ಟೇ, ಎರಡನೇ ಸಲ ಕೇಳದೆ ಟಿಕೆಟ್ ಕೈಗೆ ಬರುವುದಿಲ್ಲ.

ನಮ್ಮ ಪರಿಚಯ ಶುರುವಾಗಿದ್ದೂ ಹಾಗೇ. ಒಂದು ದಿನ ಬಸ್ಸಿನಲ್ಲಿ ಕೂತು ಚಿಕ್ಕಿ ಕವರ್ ಬಿಚ್ಚಿದೆ. ಭಾನಕ್ಕ ತಲೆಯ ಮೇಲೆ ಬಂದು ನಿಂತರು. “ಅದನ್ನ ಇಳ್ದ್ಮೇಲೆ ತಿನ್ನಮ್ಮ. ನಾನು ಸಾಯಂಕಾಲ ಹೋಗಿ ಮಗು ಮುಟ್ಬೇಕು.” ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಚಿಕ್ಕಿಗೂ ಮಗುವಿಗೂ ಏನು ಸಂಬಂಧ ಅಂತ ಕೇಳಿದೆ ನೋಡಿ, ಅಷ್ಟೇ, ಇಡೀ ಕಥೆ ಹೇಳಿದರು, ನಾನು ಇಳಿಯಬೇಕಾದ ಸ್ಟಾಪ್ ದಾಟಿಹೋಯಿತು, ಮುಂದಿನ ಸ್ಟಾಪಿನಲ್ಲಿ ಇಳಿಸಿ ಎದುರಿನಿಂದ ಬರುತ್ತಿದ್ದ ಬಸ್ಸಿಗೆ ಅವರೇ ಕೈ ತೋರಿಸಿ ಹತ್ತಿಸಿದರು!

ಕಥೆ ಇದು. ಭಾನಕ್ಕನ ಮಗಳು ಸಿಂಚನ ಈಗ ಒಂದನೇ ಕ್ಲಾಸು. ಅವಳು ಮೂರು ವರ್ಷದವಳಿದ್ದಾಗ ನೆಂಟರ ಮನೆಯ ನಾಮಕರಣದಲ್ಲಿ ನಾಲ್ಕು ತುತ್ತು ಚಿತ್ರಾನ್ನ ತಿಂದಳು. ತಟ್ಟೆ ಖಾಲಿಯಾಗುವ ಮೊದಲೇ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಉಸಿರು ಸಿಳ್ಳೆ ಹೊಡೆಯತೊಡಗಿತು. ಅಪ್ಪ ನಾಗೇಂದ್ರ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಒಗ್ಗರಣೆಯ ಕಡಲೆಬೀಜದ ಕೆಲಸ ಅದು. ಅವತ್ತಿನಿಂದ ಮನೆಗೆ ಕಡಲೆಬೀಜ ಬಂದಿಲ್ಲ, ಅದರ ಎಣ್ಣೆಯೂ ಬಂದಿಲ್ಲ. ಡಾಕ್ಟರ್ ಬರೆದುಕೊಟ್ಟ ತುರ್ತು ಇಂಜೆಕ್ಷನ್ನಿನ ಕೆಂಪು ಚೀಲ ಸಿಂಚನ ಹೋದಲ್ಲೆಲ್ಲ ಹೋಗುತ್ತದೆ. ಅದನ್ನು ಹೇಗೆ ಕೊಡಬೇಕು ಅಂತ ಮನೆಯವರೆಲ್ಲ ಕಲಿತಿದ್ದಾರೆ. ಈಗ ನಾನೂ ಕಲಿತಿದ್ದೇನೆ.

ಇದು ಸಾಲದು ಅಂತ ಅವಳ ತಮ್ಮ ಸಿದ್ದುಗೆ ಗೋಧಿ ಆಗುವುದಿಲ್ಲ! ಸಿದ್ದು ಅಂದರೆ ಸಿದ್ಧಾರ್ಥ, ಮೂರು ವರ್ಷ, ಇಡೀ ಬೀದಿಗೆ ಕೇಳುವ ಗಂಟಲು. ಗೋಧಿ ಹೊಟ್ಟೆಗೆ ಹೋದರೆ ವಾರಗಟ್ಟಲೆ ಮಂಕಾಗಿಬಿಡುತ್ತಿದ್ದ. ಚಪಾತಿ, ಬಿಸ್ಕತ್ತು, ಬ್ರೆಡ್ಡು ಎಲ್ಲ ನಿಲ್ಲಿಸಿದರೂ ಹೊಟ್ಟೆನೋವು ನಿಲ್ಲಲಿಲ್ಲ. ಕೊನೆಗೆ ಭಾನಕ್ಕ ಅಡುಗೆಮನೆಯ ಒಂದೊಂದೇ ಡಬ್ಬಿ ತೆಗೆದು, ಹಿಂದೆ ಅಂಟಿಸಿದ್ದ ಚೀಟಿ ಓದುತ್ತಾ ಬಂದರು. ಸಿಕ್ಕಿಬಿದ್ದದ್ದು ಇಂಗು! ಅಂಗಡಿಯಿಂದ ತಂದ ಇಂಗಿನ ಪುಡಿಗೆ ಗೋಧಿಹಿಟ್ಟು ಬೆರೆಸಿದ್ದರು, ದಿನಾ ಸಾರಿಗೆ ಬೀಳುತ್ತಿದ್ದದ್ದು ಅದೇ. “ನನ್ ಸಾರೇ ನನ್ ಮೊಮ್ಮಗುಂಗೆ ಇಸ ಆಗಿತ್ತಲ್ಲವ್ವ” ಅಂತ ಪುಟ್ಟಲಿಂಗಮ್ಮ ಕಣ್ಣೀರು ಹಾಕಿದರಂತೆ. ಭಾನಕ್ಕ ಆ ಡಬ್ಬಿಯನ್ನು ಕಸದ ಗಾಡಿಗೆ ಹಾಕಿ ಬಂದು, “ಅತ್ತೆ, ನಿಮ್ ಸಾರಿಗೆ ಬೆಳ್ಳುಳ್ಳಿ ಸಾಕು, ಇಂಗು ದಂಡ” ಅಂದರಂತೆ. ಇಲವಾಲದ ಕಡೆಯ ಸೊಸೆಗೂ ಅತ್ತೆಗೂ ರಾಗಿಮುದ್ದೆ ಇದ್ದರೆ ಇನ್ನೇನು ಬೇಕು? ಸಿದ್ದು ಈಗ ಮುದ್ದೆ ನುಂಗುವುದನ್ನು ನೋಡಬೇಕು, ದೃಷ್ಟಿ ತೆಗೆಯಬೇಕು ಅನ್ನಿಸುತ್ತೆ.

ಮನೆಯೊಳಗಿನದೆಲ್ಲ ಭಾನಕ್ಕನಿಗೆ ಸಲೀಸು. ಕಷ್ಟ ಗೇಟಿನ ಆಚೆ. ಹೋದ ಸಂಕ್ರಾಂತಿಯಲ್ಲಿ ಬೀದಿಯ ಹೆಣ್ಣುಮಕ್ಕಳೆಲ್ಲ ಲಂಗ ಉಟ್ಟು, ತಟ್ಟೆ ಹಿಡಿದು, ಮನೆಮನೆಗೆ ಎಳ್ಳು ಬೀರಲು ಹೋದಾಗ ಸಿಂಚನ ಗೇಟಿನ ಕಂಬಿ ಹಿಡಿದು ನಿಂತಿದ್ದಳಂತೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಜೊತೆಗೆ ಹುರಿದು ಸಿಪ್ಪೆ ತೆಗೆದ ಕಡಲೆಬೀಜ, ಎಲ್ಲ ಸೇರಿದರೇ ಸಂಕ್ರಾಂತಿಯ ಎಳ್ಳು. ಅವಳನ್ನು ಹೇಗೆ ಕಳಿಸುವುದು? ಕಳಿಸಲಿಲ್ಲ. ಮಗು ಅಳಲೂ ಇಲ್ಲ. ಆ ಅಳದಿದ್ದದ್ದೇ ಭಾನಕ್ಕನಿಗೆ ತಡೆಯಲಾಗಲಿಲ್ಲ.

“ಈ ಸಲ ಹೋಗ್ತಾಳೆ,” ಅಂದರು ಕೊಬ್ಬರಿ ಹೆಚ್ಚುತ್ತಲೇ. “ನಾನ್ ಬೀದಿಗೆಲ್ಲ ಹೇಳಿದೀನಿ. ಡ್ಯೂಟಿ ಮುಗ್ಸಿ ಯೂನಿಫಾರ್ಮಲ್ಲೇ ಮನೆಮನೆಗೆ ಹೋಗಿ, ಈ ವರ್ಷ ಎಳ್ಳಿಗೆ ಕಡ್ಲೆ ಹಾಕ್ಬೇಡಿ ಕಣ್ರೀ, ನಮ್ ಪಾಪುಗೆ ಆಗಲ್ಲ, ಆಸ್ಪತ್ರೆ ಸೇರ್ಬೇಕಾಗುತ್ತೆ ಅಂದೆ. ಎಲ್ರೂ ಎಷ್ಟ್ ಚೆನ್ನಾಗ್ ಒಪ್ಕೊಂಡ್ರು ಗೊತ್ತಾ? ಎದುರುಮನೆ ವಸಂತಮ್ಮನವ್ರಂತೂ, ಅದಕ್ಕೇನಮ್ಮ, ಒಂದ್ ಕಾಳೂ ಬೀಳಲ್ಲ ಅಂದ್ರು.”

“ನಾನು ಹೋಗ್ತೀನಿ, ನಾನು ಹೋಗ್ತೀನಿ!” ಅಂತ ಸಿಂಚನ ನನ್ನ ಸುತ್ತ ಕುಣಿದಳು. “ಬಿಂದಕ್ಕ, ನೀನು ಕೆಂಪು ಚೀಲ ಹಿಡ್ಕೊಂಡು ಬರ್ಬೇಕು. ಅಮ್ಮ ಬರಲ್ವಂತೆ.”

“ಯಾಕಕ್ಕ?”

“ನಾನ್ ಬಂದ್ರೆ ಅವ್ಳು ನನ್ ಮುಖ ನೋಡ್ತಾಳೆ, ತಟ್ಟೆ ನೋಡಲ್ಲ. ಮೊದ್ಲು ಕೇಳು, ಆಮೇಲೆ ನೋಡು, ಆಮೇಲೆ ಕೈ ಚಾಚು, ಮನೇಗ್ ಬಂದು ತಿನ್ನು. ಅಷ್ಟೇ ಹೇಳ್ಕೊಟ್ಟಿದೀನಿ.”

ಮರುದಿನ ಸಂಜೆ ಸಿಂಚನ ಹಸಿರು ಲಂಗ ಉಟ್ಟು, ಜಡೆಗೆ ಕನಕಾಂಬರ ಮುಡಿದು ನಿಂತಿದ್ದಳು. ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಭಾನಕ್ಕ ಗೇಟಿನ ಹತ್ತಿರ ಸಿದ್ದುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತರು. ಹೋದ ವರ್ಷ ಮಗಳು ಹಿಡಿದಿದ್ದ ಅದೇ ಕಂಬಿಯನ್ನು ಈ ವರ್ಷ ಅವರು ಹಿಡಿದಿದ್ದರು, ಹಿಡಿದದ್ದು ಅವರಿಗೇ ಗೊತ್ತಿರಲಿಲ್ಲ ಅನ್ನಿಸುತ್ತೆ.

ಮೊದಲ ಮನೆ ವಸಂತಮ್ಮನವರದ್ದು. ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲೇ ಕಾಯುತ್ತಿದ್ದರು.

“ಬಾರಮ್ಮ ಮಹಾಲಕ್ಷ್ಮಿ! ಕಡೆಗೂ ನಮ್ಮನೆಗೆ ಬಂದ್ಯಾ!”

ಸಿಂಚನ ತನ್ನ ಪೊಟ್ಟಣ ಕೊಟ್ಟಳು. ಅವರು ಒಳಗಿನಿಂದ ದೊಡ್ಡ ಸ್ಟೀಲ್ ಡಬ್ಬಿ ತಂದು ಚಮಚ ಹಾಕಿದರು. ಸಿಂಚನ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

“ಅಜ್ಜಿ, ಕಡ್ಲೆ ಇದ್ಯಾ?”

“ಇಲ್ಲ ಕಂದ! ನಿಮ್ಮಮ್ಮ ಹೇಳಿದ್ಮೇಲೆ ಹಾಕ್ತೀನಾ? ಒಂದೇ ಒಂದೂ ಇಲ್ಲ.”

ನಾನು ಖುಷಿಯಾಗಿ ತಟ್ಟೆ ಮುಂದೆ ಮಾಡಿದೆ. ಸಿಂಚನ ಮಾತ್ರ ಹಿಮ್ಮಡಿ ಎತ್ತಿ ಡಬ್ಬಿಯೊಳಗೆ ಇಣುಕಿದಳು. ಒಂದು ಹೆಜ್ಜೆ ಹಿಂದೆ ಸರಿದು ನನ್ನ ದುಪಟ್ಟಾ ಹಿಡಿದುಕೊಂಡಳು.

“ಅಜ್ಜಿ, ಆ ಬೆಳ್ಳಗಿರೋದು ಏನು?”

“ಅದಾ? ಬೀಜ ಕಣಮ್ಮ. ಕಡ್ಲೆ ಪೂರ್ತಿ ಬಿಟ್ಟೆ ನೋಡು, ರುಚಿ ಕಮ್ಮಿ ಆಗ್ಬಾರ್ದು ಅಂತ ಬೀಜ ಡಬಲ್ ಹಾಕಿದೀನಿ!”

ವಸಂತಮ್ಮನವರು ಬಿಟ್ಟದ್ದು ಹುರಿಗಡಲೆ. ಅವರಿಗೆ ಕಡ್ಲೆ ಅಂದರೆ ಅದು. ಭಾನಕ್ಕನ ಮನೆಯಲ್ಲಿ, ಆ ಆಸ್ಪತ್ರೆಯ ದಿನದಿಂದ, ಕಡ್ಲೆ ಅಂದರೆ ಒಂದೇ ಒಂದು, ಕಡಲೆಬೀಜ. ಒಂದೇ ಪದ, ಎದುರುಬದುರು ಮನೆ, ನಡುವೆ ಒಂದು ರಸ್ತೆ!

“ಅಮ್ಮಾ!” ಅಂತ ಸಿಂಚನ ಅಲ್ಲಿಂದಲೇ ಕೂಗಿದಳು. ಅಳುವ ದನಿ ಅಲ್ಲ ಅದು, ಸ್ಟಾಪ್ ಬಂತು ಅಂತ ಹೇಳುವ ದನಿ. “ವಸಂತಜ್ಜಿ ಬೀಜ ಡಬಲ್ ಹಾಕಿದಾರೆ! ನಾನು ಮುಟ್ಟಿಲ್ಲ!”

ಭಾನಕ್ಕ ಸಿದ್ದು ಸಮೇತ ರಸ್ತೆ ದಾಟಿ ಬಂದರು. ಮೊದಲು ಮಗಳ ಕೈ ನೋಡಿದರು, ತುಟಿ ನೋಡಿದರು, ಆಮೇಲೆ ಡಬ್ಬಿ ನೋಡಿದರು. ವಸಂತಮ್ಮನವರ ಮುಖ ಬಿಳಿಚಿಹೋಗಿತ್ತು.

“ಅಯ್ಯೋ ಭಾನು, ನೀನು ಕಡ್ಲೆ ಅಂದ್ಯಲ್ಲಮ್ಮ! ಬೀಜ ಅಂತ ಹೇಳ್ಲೇ ಇಲ್ವಲ್ಲಮ್ಮ!”

ಭಾನಕ್ಕ ಹಣೆ ಚಚ್ಚಿಕೊಂಡು ನಕ್ಕರು ನೋಡಿ! “ನಿಮ್ದೇನೂ ತಪ್ಪಿಲ್ಲ ಬುಡಿ. ದಿನಾ ಬಸ್ ತುಂಬ ಜನಕ್ಕೆ ಎಲ್ಲಿ, ಯಾವ ಸ್ಟಾಪು, ಸರ್ಯಾಗ್ ಹೇಳಿ ಅಂತ ತಲೆ ತಿಂತೀನಿ. ನನ್ ಮಗಳ ವಿಷ್ಯಕ್ಕೆ ಬಂದಾಗ ನಾನೇ ಅರ್ಧ ಟಿಕೆಟ್ ಹರ್ದು ಬಂದ್ಬುಟ್ಟೆ.”

“ಉಳಿದ ಮನೆಗಳು?” ಅಂದೆ ನಾನು.

“ಅದನ್ನೇ ಯೋಚ್ನೆ ಮಾಡ್ತಿದೀನಿ.” ಮಗಳ ಕಡೆ ತಿರುಗಿದರು. “ಪುಟ್ಟಿ, ಮನೆಗೆ ಹೋಗೋಣ್ವಾ, ಇನ್ನೂ ಬೀರ್ತೀಯಾ?”

ಸಿಂಚನ ಲಂಗ ಎತ್ತಿ ಹಿಡಿದುಕೊಂಡಳು. “ಇನ್ನೂ ಒಂದ್ ಮನೇನೂ ಆಗಿಲ್ಲ!”

ಅಷ್ಟೇ ಸಾಕಾಯಿತು. ಭಾನಕ್ಕ ಸಿದ್ದುವನ್ನು ನನ್ನ ಕೈಗೆ ದಾಟಿಸಿ ಬೀದಿಯ ನಡುವೆ ನಿಂತರು. ಬಸ್ಸಿನ ಹಿಂದಿನ ಬಾಗಿಲಿಂದ ಡ್ರೈವರಿಗೆ ಕೇಳುವಂತೆ ಕೂಗುತ್ತಾರಲ್ಲ, ಅದೇ ಗಂಟಲು. “ಎಲ್ರೂ ಸ್ವಲ್ಪ ಆಚೆ ಬನ್ರೀ! ಎಳ್ಳಿಗೆ ಬೀಜ ಹಾಕಿರೋರು ಯಾರು? ಬೀಜ! ಚಿಕ್ಕಿಗ್ ಹಾಕೋ ಬೀಜ! ಹುರಿಗಡ್ಲೆ ಅಲ್ಲ!”

ಒಂದೊಂದೇ ಬಾಗಿಲು ತೆರೆಯಿತು. ಅರ್ಧ ಬೀದಿ ಹುರಿಗಡಲೆ ಬಿಟ್ಟು ಬೀಜ ಹಾಕಿತ್ತು! ಮೂಲೆಮನೆಯವರು ಯಾವುದಕ್ಕೂ ಇರಲಿ ಅಂತ ಎರಡೂ ಬಿಟ್ಟು, ಬರೀ ಎಳ್ಳು ಬೆಲ್ಲ ಕೊಬ್ಬರಿ ಇಟ್ಟುಕೊಂಡು ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುವೋ ನಗು.

ಆಮೇಲೆ ಭಾನಕ್ಕ ಮಾಡಿದ್ದು ಕೇಳಿ. ತಮ್ಮ ಮನೆಯ ದೊಡ್ಡ ಡಬ್ಬಿ ಹೊರಗೆ ತರಿಸಿದರು. ಬೀಜ ಹಾಕಿದ ಮನೆಯವರಿಗೆಲ್ಲ ಪುಟ್ಟಲಿಂಗಮ್ಮ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಾ, “ಇದನ್ನ ಬಿಚ್ಬೇಡಿ, ಅಂಗೇ ಮಗೀಗ್ ಕೊಡಿ. ಮೊದ್ಲು ಕೈ ತೊಳ್ಕೊಳಿ, ಸೋಪ್ ಆಕ್ಕೊಂಡು” ಅಂದರು. ಅಂಗೈ ಗೆರೆ ಅಳಿಸಿಹೋಯಿತು ಅಂತ ಗೊಣಗಿದವರು ಇವರೇನಾ? ಬೀದಿಗೆ ಬೀದಿಯೇ ಒಳಗೆ ಹೋಗಿ ಕೈ ತೊಳೆದುಕೊಂಡು ಬಂತು. ಸಿಂಚನ ಮತ್ತೆ ವಸಂತಮ್ಮನವರ ಬಾಗಿಲಿಂದಲೇ ಶುರು ಮಾಡಿದಳು.

“ಅಜ್ಜಿ, ಬೀಜ ಇದ್ಯಾ?”

“ಇಲ್ಲ ತಾಯಿ. ನಿಮ್ಮನೇದೇ.”

ಮನೆಮನೆಗೂ ಅದೇ ಪ್ರಶ್ನೆ, ಒಂದು ಬಾಗಿಲನ್ನೂ ಬಿಡದೆ, ಥೇಟ್ ಅಮ್ಮನ ಹಾಗೆ. ತಟ್ಟೆ ತುಂಬಿಸಿಕೊಂಡು ವಾಪಸ್ ಬಂದು, ಕೈ ತೊಳೆದು, ಕಟ್ಟೆಯ ಮೇಲೆ ಕೂತು ವಸಂತಮ್ಮನವರ ಪೊಟ್ಟಣ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

“ಹೆಂಗಿದೆ?” ಅಂದೆ.

“ನಮ್ಮನೇದಕ್ಕಿಂತ ಚೆನ್ನಾಗಿದೆ!”

“ಅಯ್ಯೋ ನಿನ್ನ!” ಅಂತ ಭಾನಕ್ಕ ಅವಳ ಕೆನ್ನೆ ಹಿಂಡಿದರು. ಆಗ ಅವರ ಕಣ್ಣು ತುಂಬಿದ್ದು ನಾನು ನೋಡಿದೆ. ಅವರು ಮಾತ್ರ ಸಿದ್ದುವಿನ ಮೂಗು ಒರೆಸುವುದರಲ್ಲಿ ಬಹಳ ಬಿಜಿ ಇದ್ದವರ ಹಾಗೆ ಬಗ್ಗಿದರು.

ನಾನು ಹೊರಡುವ ಹೊತ್ತಿಗೆ ವಸಂತಮ್ಮನವರು ರಸ್ತೆ ದಾಟಿ ಬಂದರು. “ಭಾನು, ನಂಗೆ ಸಮಾಧಾನ ಆಗಿಲ್ಲ ಕಣೇ. ಮುಂದಿನ ಭಾನುವಾರ ನಿಮ್ಮೆಲ್ರಿಗೂ ನಮ್ಮನೇಲೇ ಊಟ.”

ಆ ನಾಮಕರಣದ ನಂತರ ಭಾನಕ್ಕ ಮಕ್ಕಳನ್ನು ಇನ್ನೊಬ್ಬರ ಮನೆ ಎಲೆಯ ಮುಂದೆ ಕೂರಿಸಿಯೇ ಇಲ್ಲ. ಮಗಳನ್ನು ನೋಡಿದರು. ಅವಳು ಆಗಲೇ ವಸಂತಮ್ಮನವರ ಸೆರಗು ಹಿಡಿದಿದ್ದಳು.

“ಸಾರಿಗೆ ಇಂಗು?” ಅಂದರು ಭಾನಕ್ಕ.

“ಇಲ್ಲ.”

“ಒಗ್ಗರಣೆಗೆ ಎಣ್ಣೆ?”

“ಅದೇ, ದಿನಾ ಹಾಕೋದು, ಕಡ್ಲೆಕಾಯಿ…” ವಸಂತಮ್ಮನವರು ಬಾಯಿ ಮುಚ್ಚಿಕೊಂಡರು. “ತುಪ್ಪ! ತುಪ್ಪದಲ್ಲೇ ಮಾಡ್ತೀನಿ!”

“ಪಾತ್ರೆ ನಮ್ಮನೇದೇ ತರ್ತೀನಿ, ಬೆಳಿಗ್ಗೇನೇ ಬಂದು ನಿಮ್ಜೊತೆ ಅಡ್ಗೆಮನೇಲಿ ನಿಂತ್ಕೋತೀನಿ. ಒಪ್ಗೇನಾ?”

“ನಿಂತ್ಕೊಳೋದಲ್ಲ, ತರಕಾರಿ ಹೆಚ್ಕೊಡು.”

“ಸರಿ, ಬರ್ತೀವಿ,” ಅಂದು ಭಾನಕ್ಕ ನನ್ನ ಕಡೆ ತಿರುಗಿದರು. “ನೀನೂ ಬರ್ಬೇಕು ಕಣೇ ಬಿಂದು, ಭಾನುವಾರ. ಕೆಂಪು ಚೀಲ ನಿನ್ ಹೆಗಲಿಗೇ.”

“ಬಂದೇ ಬರ್ತೀನಿ ಅಕ್ಕ. ಬೆಳಿಗ್ಗೇನೇ ಬರ್ತೀನಿ, ರಾಮಕೃಷ್ಣನಗರಕ್ಕೆ.”

“ರಾಮಕೃಷ್ಣನಗರ ಅಂದ್ರೆ ಎಲ್ಲಿ?” ಅಂತ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು ಸಿಂಚನ. “ಸರ್ಯಾಗ್ ಹೇಳು!”

“ವಸಂತಜ್ಜಿ ಮನೆಗಮ್ಮ,” ಅಂದೆ. “ಭಾನುವಾರ. ಕೈ ತೊಳ್ಕೊಂಡು.”